ಬಟಾಣಿಯ ಅಳತೆ

ಜನವರಿ 11

ಬೆಳಿಗ್ಗೆ ಮತ್ತೆ ಮೊಣಕಾಲು ಜಜ್ಜಿಕೊಂಡೆ. ನಿನ್ನೆಯವರೆಗೂ ಕಿಟಕಿಯ ಪಕ್ಕದಲ್ಲಿದ್ದ ಬೀರು ಈಗ ಒಳಕೋಣೆಯ ಬಾಗಿಲಿಗೆ ಅರ್ಧ ಅಡ್ಡವಾಗಿ ನಿಂತಿದೆ. ಬಟಾಣಿಯದೇ ಕೆಲಸ. ಬಟಾಣಿ ನನ್ನ ತಂಗಿ. ಹುಟ್ಟಿದಾಗ ಮುಖ ಅಷ್ಟು ದುಂಡಗಿತ್ತೆಂದು ಹತ್ತು ವರ್ಷದ ನಾನು ಇಟ್ಟ ಹೆಸರು. ಅವಳಿಗೆ ನಲವತ್ತು ಹತ್ತಿರವಾದರೂ ಅಂಟಿಕೊಂಡೇ ಇದೆ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಇಟ್ಟ ವಸ್ತು ಇಟ್ಟಲ್ಲಿರಲಿ ಎನ್ನುವವಳು ನಾನು. ಅವಳಿಗೆ ತಿಂಗಳಿಗೊಮ್ಮೆ ಮನೆ ತಿರುಗಿಸಿ ಇಡದಿದ್ದರೆ ಊಟ ರುಚಿಸುವುದಿಲ್ಲ.

“ಬೆಳಕು ಒಳಗೆ ಬೀಳಲಿ ಅಂತ ಸರಿಸಿದೆ ಅಕ್ಕ,” ಎಂದಳು.

“ಬೆಳಕಿಗಿಂತ ಮೊದ್ಲು ನಾನು ಬಿದ್ದೆ,” ಎಂದೆ. ಅವಳು ನಗುತ್ತಾ ಮುಲಾಮು ಹುಡುಕಲು ಹೋದಳು. ಮುಲಾಮಿನ ಡಬ್ಬಿಯೂ ಜಾಗ ಬದಲಾಯಿಸಿತ್ತು.

ಕಚೇರಿಯಲ್ಲಿ ಇಡೀ ದಿನ ಒಳಗೋಡೆಗಳ ಗಲಾಟೆ. ಮಂಗಳ ಗ್ರಹದ ಮೇಲೆ ನಾಲ್ವರು ಇರಲೆಂದು ನಾನು ನಕ್ಷೆ ಹಾಕುತ್ತಿರುವ ಮನೆ ಐದು ಡಬ್ಬಿಗಳ ಮನೆ. ಮಲಗಲು ಒಂದು, ಅಡುಗೆ ಊಟಕ್ಕೆ ಒಂದು, ಕೆಲಸಕ್ಕೊಂದು, ಸ್ನಾನ ಶೌಚಕ್ಕೊಂದು, ಹೊರಗೆ ಹೋಗುವ ಉಡುಪು ತೊಡಲು ಒಂದು. ಒಂದೊಂದೂ ಬೇರೆ ಬೇರೆಯಾಗಿ ಹೋಗಿ ಅಲ್ಲಿ ಒಂದಕ್ಕೊಂದು ಕೂಡಿಕೊಳ್ಳಬೇಕು. ಒಳಗಿನ ಗೋಡೆಗಳೆಲ್ಲ ತೆಳು ಹಲಗೆಗಳು. ಅವುಗಳನ್ನು ಸದ್ಯಕ್ಕೆ ಕ್ಲಿಪ್ಪುಗಳಲ್ಲಿ ನಿಲ್ಲಿಸಿದ್ದೇವೆ. ಕ್ಲಿಪ್ಪು ತೆಗೆದು, ಮತ್ತೆ ಬಿಚ್ಚಲಾಗದ ಹಾಗೆ ರಿವೆಟ್ ಹೊಡೆದುಬಿಡೋಣ ಎಂದೆ. ಅಲ್ಲಾಡುವುದಿಲ್ಲ, ಯಾರೂ ಕೈ ಹಾಕುವುದಿಲ್ಲ, ತೂಕವೂ ಕಡಿಮೆ. ತಕ್ಕಡಿಗೆ ಹಬ್ಬವಾಯಿತು. ತಕ್ಕಡಿ ಎಂದರೆ ಇಡೀ ಮನೆಯ ತೂಕದ ಲೆಕ್ಕ ಇಡುವ ಸಹೋದ್ಯೋಗಿ. ಒಂದು ಚಮಚ ಹೆಚ್ಚಾದರೂ ಅವನ ಮುಖ ಬಾಡುತ್ತದೆ.

ಬೀರು ನಾಳೆ ವಾಪಸು ಹಾಕಿಸಬೇಕು.

ಜನವರಿ 19

ಭಾನುವಾರ. ನಡುಮನೆಯ ನೆಲದ ಮೇಲೆ ಟೇಪು ಅಂಟಿಸಿ ಮಲಗುವ ಡಬ್ಬಿಯನ್ನು ನಿಜ ಅಳತೆಯಲ್ಲಿ ಬಿಡಿಸಿದೆ. ನನ್ನ ಪದ್ಧತಿ ಇದು. ಕಂಪ್ಯೂಟರಿನ ತೆರೆಯ ಮೇಲೆ ಎಲ್ಲ ಕೋಣೆಗಳೂ ದೊಡ್ಡವಾಗಿಯೇ ಕಾಣುತ್ತವೆ. ನೆಲದ ಮೇಲೆ ಗೆರೆ ಎಳೆದು ಒಬ್ಬರನ್ನು ಮಲಗಿಸಿದಾಗಲೇ ಬಣ್ಣ ಬಯಲಾಗುವುದು.

ಬಟಾಣಿಯನ್ನು ಕರೆದು ಮಲಗಿಸಿದೆ. ಕೈ ಚಾಚು ಎಂದೆ, ಚಾಚಿದಳು. ಗುರುತು ಹಾಕಿಕೊಂಡೆ. ಎದ್ದು ಕೂರು, ತಲೆಯ ಮೇಲೆ ಎಷ್ಟು ಜಾಗ ಬೇಕು, ಪುಸ್ತಕ ಎಲ್ಲಿಟ್ಟರೆ ಸಿಗುತ್ತದೆ, ಎಲ್ಲ ಬರೆದುಕೊಂಡೆ.

“ಅಕ್ಕ, ದೀಪದ ಸ್ವಿಚ್ಚು ಸ್ವಲ್ಪ ಇತ್ಲಾಗೆ.”

“ಇಷ್ಟು ಸಾಕಾ?”

“ಹಾಂ. ಈಗ ಹಾಯಾಗಿದೆ.”

ಹಾಯಾಗಿದೆ ಎಂದವಳು ಹಾಗೆಯೇ ನಿದ್ದೆ ಹೋದಳು, ಬರೀ ನೆಲದ ಮೇಲೆ, ಹಳದಿ ಟೇಪಿನ ನಡುವೆ. ಎಬ್ಬಿಸಲು ಮನಸ್ಸಾಗದೆ ಪಕ್ಕದಲ್ಲಿ ಕೂತು ಉಳಿದ ಲೆಕ್ಕ ಮುಗಿಸಿದೆ.

ಮಂಗಳಕ್ಕೆ ಹೋಗುವವರನ್ನು ಆರಿಸುವ ದೊಡ್ಡ ಪಟ್ಟಿಯಲ್ಲಿ ಇವಳೂ ಇದ್ದಾಳೆ. ಗಾಳಿ, ನೀರು ಶುದ್ಧ ಮಾಡುವ ಯಂತ್ರಗಳ ಇಂಜಿನಿಯರ್. ಅಷ್ಟು ಜನರಲ್ಲಿ ನಾಲ್ವರೆಂದರೆ ಇವಳ ಸರದಿ ಬರುವುದು ಅಷ್ಟರಲ್ಲೇ ಇದೆ. ಬೀರು ಸರಿಸಲು ಆಗಲಿಲ್ಲ.

ಫೆಬ್ರವರಿ 3

ಸ್ನಾನದ ಡಬ್ಬಿಯಲ್ಲಿ ನೀರು ಮೂಲೆಗೆ ಹರಿದು ನಿಲ್ಲುತ್ತದೆ. ನೆಲದ ಇಳಿಜಾರು ಮತ್ತೆ ನೋಡಬೇಕು. ಮಂಗಳದಲ್ಲಿ ನೀರು ಇಲ್ಲಿಗಿಂತ ನಿಧಾನ ಹರಿಯುತ್ತದೆ ಎನ್ನುವುದನ್ನು ಹುಡುಗರು ಮರೆತೇಬಿಟ್ಟಿದ್ದಾರೆ.

ಬಟಾಣಿ ಆಯ್ಕೆಯಾದಳು.

ಮಧ್ಯಾಹ್ನ ಹೇಳಿದರು. ಎಲ್ಲರೂ ಅವಳ ಬೆನ್ನು ತಟ್ಟಿದರು, ನಂತರ ನನ್ನ ಬೆನ್ನೂ ತಟ್ಟಿದರು. ಹೋಗಿ, ಇದ್ದು, ಬರಲು ಎರಡೂವರೆ ವರ್ಷ. ಆ ಗ್ರಹ ಹೋಗಿ ತಲುಪುವಷ್ಟು ಹತ್ತಿರ ಬರುವುದು ಎರಡು ವರ್ಷಕ್ಕೊಮ್ಮೆ. ಈ ಸಲ ತಪ್ಪಿದರೆ ಅವಳಿಗೆ ವಯಸ್ಸಿನ ಮಿತಿ ದಾಟುತ್ತದೆ, ಮುಂದೆ ಎಂದೂ ಹೋಗುವ ಹಾಗಿಲ್ಲ.

ಮನೆ ವಾಸಕ್ಕೆ ತಕ್ಕದ್ದು ಎಂದು ಕೊನೆಗೆ ಸಹಿ ಹಾಕಬೇಕಾದವಳು ನಾನು. ನನ್ನ ಮನೆಯವಳೇ ಅದರಲ್ಲಿ ಹೋಗುತ್ತಿದ್ದಾಳೆ, ಬೇಕಾದರೆ ಬೇರೆಯವರಿಗೆ ವಹಿಸಿ ಎಂದು ಮೇಡಂಗೆ ಹೇಳಿದೆ. ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ.

“ಒಳ್ಳೇದೇ ಆಯ್ತಲ್ಲ. ಇನ್ನೂ ಹುಷಾರಾಗಿ ನೋಡ್ತೀರ,” ಎಂದರು.

ಅದೂ ನಿಜ. ಇಳಿಜಾರು ನಾಳೆಯೇ ಸರಿ ಮಾಡಿಸಬೇಕು.

ಫೆಬ್ರವರಿ 21

ಒಂದರ ಹಿಂದೆ ಒಂದು ತಪ್ಪು ಸಿಗುತ್ತಿದೆ. ಡಬ್ಬಿ ಡಬ್ಬಿಗಳ ನಡುವಿನ ಕೊರಳಿನಂಥ ಜಾಗದಲ್ಲಿ ಹೆಜ್ಜೆಯ ಸದ್ದು ಗುಂಯ್‌ಗುಡುತ್ತದೆ. ಎರಡನೆಯ ಹಾಸಿಗೆಯ ತಲೆಯ ಹತ್ತಿರ ಗಾಳಿ ಸುಳಿಯುವುದು ಸಾಲದು. ಊಟದ ಮೇಜಿನ ಅಂಚು ಚೂಪಾಗಿದೆ. ಎಲ್ಲ ಬರೆದು ಕಳಿಸಿದೆ. ಮೇಜು ದುಂಡಗೆ ಮಾಡಿಸಿದರು, ದುಂಡಗಾದ ಮೇಲೆ ಅದು ಚಿಕ್ಕದಾಯಿತು ಎಂದು ಮತ್ತೆ ಬರೆದೆ.

“ಮೊಸರಲ್ಲಿ ಕಲ್ಲು ಹುಡುಕ್ತಿದ್ದೀರಿ,” ಎಂದ ತಕ್ಕಡಿ.

“ಕಲ್ಲು ಸಿಕ್ತಾ ಇದೆಯಲ್ಲ,” ಎಂದೆ.

ಇಷ್ಟು ವರ್ಷದ ಕೆಲಸದಲ್ಲಿ ನಾನು ಇಷ್ಟು ಎಚ್ಚರದಿಂದ ಇದ್ದದ್ದಿಲ್ಲ. ಒಳ್ಳೆಯದೇ. ಕೂತಲ್ಲಿ ಕೂರಲು ಆಗುವುದಿಲ್ಲ ಅಷ್ಟೆ. ಊಟದ ನಡುವೆ ಎದ್ದು ಹೋಗಿ ಏನನ್ನೋ ಅಳೆಯುತ್ತೇನೆ.

ಮಾರ್ಚ್ 6

ಬಟಾಣಿಯ ಜೊತೆ ಜಗಳ. ರಿವೆಟ್‌ನ ಸುದ್ದಿ ಅವಳ ಕಿವಿಗೂ ಬಿದ್ದಿದೆ.

“ಕ್ಲಿಪ್ಪೇ ಇರಲಿ ಅಕ್ಕ. ಹಲಗೆ ಬಿಚ್ಚೋಕೆ, ಹಾಕೋಕೆ ಆಗ್ಬೇಕು.”

“ಯಾಕೆ? ಅಲ್ಲೂ ಹೋಗಿ ಬೀರು ಸರಿಸ್ತೀಯಾ?”

“ಹೌದು, ಸರಿಸ್ತೀನಿ. ಅಷ್ಟು ದಿನ ಒಂದೇ ಗೋಡೆ ಮುಖ ನೋಡ್ಕೊಂಡು ಇರೋಕಾಗುತ್ತಾ? ಬೇಕಂದಾಗ ಎದ್ದು ಹೊರಗೆ ಓಡಾಡೋ ಹಾಗಿಲ್ಲ. ಒಳಗಾದ್ರೂ ಏನಾದ್ರೂ ನಮ್ಮ ಕೈಲಿ ಇರ್ಬೇಕಲ್ಲ.”

“ಅದು ನಿನ್ನ ಆಟದ ಮನೆ ಅಲ್ಲ. ಒಂದು ಹಲಗೆ ಸರಿಯಾಗಿ ಕೂರದೆ ಯಂತ್ರದ ಮೇಲೆ ಬಿದ್ರೆ?”

“ಆ ಯಂತ್ರ ರಿಪೇರಿ ಮಾಡೋಳೇ ನಾನು. ಎತ್ತಿಡ್ತೀನಿ.”

ಅವಳ ಹತ್ತಿರ ಮಾತಿನಲ್ಲಿ ಗೆದ್ದವರಿಲ್ಲ. ಸಿಟ್ಟು ನೆತ್ತಿಗೇರಿ, ನೀನು ಹುಟ್ಟಿದಾಗಿನಿಂದ ಇಟ್ಟಲ್ಲಿ ಇದ್ದವಳೇ ಅಲ್ಲ ಎಂದೆ. ಅವಳು ನಗಲಿಲ್ಲ. ತಟ್ಟೆ ತೊಳೆದಿಟ್ಟು ಒಳಗೆ ಹೋದಳು.

ನಮೂನೆ ಮನೆ ಕಚೇರಿಯ ದೊಡ್ಡ ಶೆಡ್ಡಿನಲ್ಲಿ ಕ್ಲಿಪ್ಪುಗಳಲ್ಲೇ ಎದ್ದಿದೆ. ಅದು ಪರೀಕ್ಷೆಗೆ ಮಾತ್ರ. ನಿಜವಾದದ್ದಕ್ಕೆ ರಿವೆಟ್ಟೇ.

ಮಾರ್ಚ್ 7

ಇಬ್ಬರೂ ಬೇರೆ ಬೇರೆ ಚಹಾ ಮಾಡಿಕೊಂಡೆವು.

ಏಪ್ರಿಲ್ 2

ನಾಲ್ವರೂ ಇವತ್ತು ನಮೂನೆ ಮನೆಯೊಳಗೆ ಹೋದರು. ಮೂರು ವಾರ ಹೊರಗೆ ಬರುವ ಹಾಗಿಲ್ಲ. ಬಟಾಣಿ, ಎಲ್ಲರೂ ಕಂಬ ಎಂದು ಕರೆಯುವ, ವಾಹನ ನಡೆಸುವ ಎತ್ತರದ ಮನುಷ್ಯ, ಒಬ್ಬರು ಡಾಕ್ಟರಮ್ಮ, ಮತ್ತೆ ಮಣ್ಣು ಕಲ್ಲುಗಳ ಪರೀಕ್ಷೆ ಮಾಡುವ, ಬಾಯಿಗೆ ಬೀಗ ಹಾಕಿಕೊಂಡಂತಿರುವ ಒಬ್ಬ.

ನೇರ ಮಾತಾಡುವಂತಿಲ್ಲ. ಅಲ್ಲಿಂದ ಇಲ್ಲಿಗೆ ಸುದ್ದಿ ತಲುಪಲು ನಿಜವಾಗಿ ಹಿಡಿಯುವಷ್ಟು ಹೊತ್ತನ್ನು ಇಲ್ಲಿಯೂ ಬೇಕೆಂದೇ ಹಿಡಿಸುತ್ತಾರೆ. ಬಾಗಿಲು ಮುಚ್ಚಿದ ಮೇಲೆ “ಸ್ವಿಚ್ಚು ಸರಿಯಾಗಿದೆಯಾ?” ಎಂದು ಬರೆದು ಕಳಿಸಿದೆ. ಒಂದು ಚಹಾ ಕುಡಿದು, ಇನ್ನೊಂದು ಚಹಾ ಕುಡಿದ ಮೇಲೆ ಉತ್ತರ ಬಂತು. “ಸರಿಯಾಗಿದೆ. ನೀನು ಊಟ ಮಾಡಿದ್ಯಾ?” ಅವಳು ಇದ್ದದ್ದು ನನ್ನಿಂದ ನಲವತ್ತು ಹೆಜ್ಜೆ ಆಚೆ, ಒಂದು ತೆಳು ಗೋಡೆಯ ಹಿಂದೆ.

ಏಪ್ರಿಲ್ 5

ಪಕ್ಕದ ಮನೆಯವರ ಸಹಾಯ ತೆಗೆದುಕೊಂಡು ಬೀರು ಕಿಟಕಿಯ ಪಕ್ಕಕ್ಕೆ ಹಾಕಿಸಿದೆ. ಮಂಚ ಗೋಡೆಗೆ ಸೇರಿಸಿದೆ. ಮುಲಾಮಿನ ಡಬ್ಬಿ ಮೊದಲಿನ ಜಾಗದಲ್ಲಿ. ಮನೆ ಈಗ ಮನೆಯ ಹಾಗಿದೆ. ಸಂಜೆ ಪೂರ್ತಿ ಅತ್ತಿತ್ತ ಓಡಾಡಿದೆ, ಎಲ್ಲಿಯೂ ಏನೂ ತಗುಲಲಿಲ್ಲ.

ಏಪ್ರಿಲ್ 9

ತಕ್ಕಡಿ ಬಂದು ನನ್ನ ಮೇಜಿನ ಮೇಲೆ ಅರ್ಧ ಕೂತ. ಒಳಗಿನವರಿಂದ ದೂರುಗಳು ಬಂದಿವೆಯಂತೆ. ಕಂಬನ ಕಾಲು ಹಾಸಿಗೆಯಿಂದ ಆಚೆ ಬರುತ್ತದೆ. ಡಾಕ್ಟರಮ್ಮನಿಗೆ ಪ್ರತಿಯೊಂದು ಹಿಡಿಕೆಯೂ ತಪ್ಪು ಕೈಗೆ ಸಿಗುತ್ತದೆ. ಕಲ್ಲಿನವನು ದಿನಕ್ಕೆ ಎರಡು ಸಲ ತಲೆಯ ಮೇಲಿನ ಶೆಲ್ಫಿಗೆ ಹಣೆ ಹೊಡೆದುಕೊಳ್ಳುತ್ತಾನೆ.

“ನಾಲ್ಕನೆಯವರು?” ಎಂದೆ.

“ಅವರಿಗೆ ಏನೂ ತೊಂದ್ರೆ ಇಲ್ವಂತೆ. ಹೇಳಿ ಮಾಡಿಸಿದ ಹಾಗಿದೆ ಅಂದ್ರು.” ನಂತರ ಗಲ್ಲ ಕೆರೆದುಕೊಂಡು ಕೇಳಿದ, “ತಪ್ಪು ತಿಳೀಬೇಡಿ. ಈ ಮನೆ ಯಾರ ಅಳತೆಗೆ ಹೊಲಿದದ್ದು?”

ಮನುಷ್ಯರ ಅಳತೆಗೆ ಎಂದು ಗದರಿ ಕಳಿಸಿದೆ. ತೂಕದವನು ತೂಕ ನೋಡಿಕೊಳ್ಳಲಿ. ಎಲ್ಲದಕ್ಕೂ ಮೂಗು ತೂರಿಸುವುದು ಒಂದು ಚಟ.

ಏಪ್ರಿಲ್ 10

ನಕ್ಷೆಗಳನ್ನೆಲ್ಲ ಹರಡಿಕೊಂಡು ಕೂತೆ. ಶೆಲ್ಫಿನ ಎತ್ತರ ಬಟಾಣಿ ಎದ್ದು ಕೂತಾಗ ತಲೆ ತಗುಲದಷ್ಟೇ ಎತ್ತರ. ಹಿಡಿಕೆಗಳೆಲ್ಲ ಎಡಕ್ಕೆ, ಅವಳು ಎಡಗೈಯವಳು. ಹಾಸಿಗೆ ಅವಳು ಕಾಲು ಚಾಚಿ ಮಲಗಿದಷ್ಟು ಉದ್ದ, ಮೇಲೆ ಒಂದು ಗೇಣು. ದೀಪ ಅವಳಿಗೆ ಹಾಯಾಗಿದ್ದಲ್ಲಿ. ನಾಲ್ಕು ಹಾಸಿಗೆಗಳಲ್ಲೂ ಇದೇ.

ಎಲ್ಲರ ಅಳತೆಗಳ ಪಟ್ಟಿಯೊಂದು ನಮ್ಮಲ್ಲಿದೆ. ಅತಿ ಕುಳ್ಳರಿಂದ ಅತಿ ಎತ್ತರದವರವರೆಗೆ ಎಲ್ಲರೂ ಹೊಂದಿಕೊಳ್ಳಬೇಕೆಂದು ಹೊಸಬರಿಗೆ ಪಾಠ ಹೇಳುವವಳು ನಾನೇ. ಪಟ್ಟಿ ತೆರೆದು ನೋಡಿಯೇ ಇಲ್ಲ. ನೆಲದ ಮೇಲೆ ತಂಗಿಯನ್ನು ಮಲಗಿಸಿ ಗೆರೆ ಎಳೆದುಕೊಂಡು, ಅದನ್ನೇ ಇಡೀ ಮನುಷ್ಯಕುಲ ಎಂದುಕೊಂಡಿದ್ದೆ. ಕಲಿಯುತ್ತಿರುವವರೂ ಇಂಥ ತಪ್ಪು ಮಾಡುವುದಿಲ್ಲ. ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು, ಯಾರೂ ನೋಡದಿದ್ದರೂ.

ತಕ್ಕಡಿಗೆ ಹೇಳಿದೆ. ಅವನು ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. “ಸರಿ ಮಾಡೋಣ ಬಿಡಿ, ಇನ್ನೂ ಟೈಮಿದೆ,” ಎಂದ.

ಏಪ್ರಿಲ್ 14

ನಾವು ಸರಿ ಮಾಡುವ ಮೊದಲೇ ಒಳಗಿನವರು ಸರಿ ಮಾಡಿಕೊಂಡುಬಿಟ್ಟಿದ್ದಾರೆ. ಯಾರನ್ನೂ ಕೇಳಿಲ್ಲ.

ಬೆಳಿಗ್ಗೆ ಒಳಗಿನ ಕ್ಯಾಮೆರಾದ ತೆರೆಯ ಮೇಲೆ ನೋಡಿದರೆ ಎರಡನೆಯ ಮತ್ತು ಮೂರನೆಯ ಹಾಸಿಗೆಗಳ ನಡುವಿನ ಗೋಡೆಯೇ ಇಲ್ಲ. ಕ್ಲಿಪ್ಪು ಬಿಚ್ಚಿ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿದ್ದಾರೆ. ಬಟಾಣಿ ತನ್ನ ಕಾಲಿನ ಕಡೆಯ ಜಾಗವನ್ನು ಕಂಬನಿಗೆ ಬಿಟ್ಟು, ತಾನು ಮೂಲೆಯಿಂದ ಮೂಲೆಗೆ ಮಲಗುತ್ತಿದ್ದಾಳೆ. ಉಳಿದ ಒಂದು ಹಲಗೆಯನ್ನು ಊಟದ ಡಬ್ಬಿಗೆ ಒಯ್ದು ಮೇಜಿಗೆ ಸೇರಿಸಿ ಉದ್ದ ಮಾಡಿದ್ದಾರೆ. ಕಲ್ಲಿನವನು ಆ ತುದಿಯಲ್ಲಿ ಕೂತು ಏನೋ ಹೇಳುತ್ತಿದ್ದ, ಮೂವರೂ ಬಿದ್ದು ಬಿದ್ದು ನಗುತ್ತಿದ್ದರು.

ಪರೀಕ್ಷೆ ಈಗಲೇ ನಿಲ್ಲಿಸಿ ಎಂದು ಮೇಡಂ ಹತ್ತಿರ ಹೋದೆ.

“ಯಾಕೆ ನಿಲ್ಲಿಸ್ಬೇಕು? ನಿನ್ನೆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಮಾಡಿದ್ದಾರೆ ನೋಡಿ,” ಎಂದು ಅವರ ನಿದ್ದೆಯ ಅಂಕಿಗಳನ್ನು ತೋರಿಸಿದರು.

ನಾನು ಎರಡು ವರ್ಷ ತಲೆ ಕೆಡಿಸಿಕೊಂಡ ಮನೆಯನ್ನು ಬಟಾಣಿ ಒಂದೇ ರಾತ್ರಿಯಲ್ಲಿ ಕಿತ್ತು ಹಾಕಿದಳು. ಅವಳಿಗೆ ಬರೆದೆ: “ಯಾರನ್ನು ಕೇಳಿ ಮಾಡಿದೆ?” ಉತ್ತರ ಬರುವವರೆಗೆ ಶೆಡ್ಡಿನ ಹೊರಗೆ ಅತ್ತಿಂದಿತ್ತ ನಡೆದೆ. “ಕಂಬನಿಗೆ ಕಾಲು ನೋವು ಅಕ್ಕ. ನಿನ್ನ ಕ್ಲಿಪ್ಪು ಎಷ್ಟು ಚೆನ್ನಾಗಿ ಕೂರುತ್ತೆ ಗೊತ್ತಾ.”

ಏಪ್ರಿಲ್ 23

ಪರೀಕ್ಷೆ ಮುಗಿಯಿತು. ಎಲ್ಲರೂ ಒಪ್ಪಿದರು. ಹಾಸಿಗೆ, ಹಿಡಿಕೆ, ಶೆಲ್ಫುಗಳನ್ನು ಬೇಕಾದ ಹಾಗೆ ಸರಿಸಿಕೊಳ್ಳುವಂತೆ ಬದಲಿಸಬೇಕು, ರಿವೆಟ್ ಬೇಡ, ಕ್ಲಿಪ್ಪೇ ಇರಲಿ ಎಂದು ತೀರ್ಮಾನ. ಇನ್ನುಳಿದದ್ದು ನನ್ನ ಸಹಿ.

ನಾನು ಆಕ್ಷೇಪಣೆ ಹಾಕಿದೆ. ಕ್ಲಿಪ್ಪುಗಳು ಹೊರಡುವಾಗಿನ ಅದುರಾಟವನ್ನು ತಡೆಯುತ್ತವೆಂಬ ಬಗ್ಗೆ ನನಗೆ ಖಾತ್ರಿಯಿಲ್ಲ, ಹೊಸದಾಗಿ ಪೂರ್ತಿ ಪರೀಕ್ಷೆ ಆಗಬೇಕು. ಆ ಪರೀಕ್ಷೆಗೆ ಐದು ತಿಂಗಳು ಬೇಕು. ಐದು ತಿಂಗಳೆಂದರೆ ಈ ಸಲ ಹೊರಡುವುದಿಲ್ಲ ಎಂದೇ ಅರ್ಥ. ನನಗೆ ಗೊತ್ತು. ಆದರೆ ಎಚ್ಚರವಾಗಿರುವುದು ತಪ್ಪಲ್ಲ.

“ಆ ಕ್ಲಿಪ್ಪು ನಾನೇ ಅದುರಿಸಿ ನೋಡಿದ್ದೀನಿ, ಎರಡು ಸಲ,” ಎಂದ ತಕ್ಕಡಿ. “ನೀವೂ ಪಕ್ಕದಲ್ಲೇ ನಿಂತಿದ್ರಿ.”

ನಿಂತಿದ್ದೆ. ಆದರೂ.

“ನಿಮ್ಮ ಸಹಿ ಇಲ್ಲದೆ ಇದು ಮುಂದಕ್ಕೆ ಹೋಗಲ್ಲ. ನಾನು ಒತ್ತಾಯ ಮಾಡಲ್ಲ,” ಎಂದರು ಮೇಡಂ. “ಮೇ ಐದರೊಳಗೆ ಹೇಳಿ.”

ಒತ್ತಾಯ ಮಾಡಿದ್ದರೆ ಚೆನ್ನಾಗಿತ್ತು. ಜಗಳವಾದರೂ ಆಡಬಹುದಿತ್ತು.

ಮೇ 2

ಬಟಾಣಿ ಮನೆಗೆ ಬಂದಳು. ನಾಲ್ಕು ದಿನ ಇರುತ್ತಾಳೆ. ಆಮೇಲೆ ಅವರನ್ನೆಲ್ಲ ಒಂದೇ ಕಡೆ ಇರಿಸಿ ತಯಾರಿ ಮಾಡಿಸುತ್ತಾರೆ, ಅದು ಹೊರಡುವುದಾದರೆ. ಮೊಟ್ಟೆ ಬೇಯಿಸಿಕೊಟ್ಟೆ. ಚೆನ್ನಾಗಿ ತಿಂದಳು. ಕಂಬನ ಗೊರಕೆ, ಡಾಕ್ಟರಮ್ಮನ ಹಾಡು, ಎಲ್ಲ ಹೇಳಿ ನಗಿಸಿದಳು. ಸಹಿಯ ವಿಷಯ ಅವಳಿಗೆ ಗೊತ್ತಿರಲೇಬೇಕು, ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೇ 3

ಅವಳು ಏನನ್ನೂ ಸರಿಸಿಲ್ಲ.

ಮೇ 4

ಇವತ್ತೂ ಇಲ್ಲ. ಬೀರು ಕಿಟಕಿಯ ಪಕ್ಕದಲ್ಲೇ ಇದೆ, ಕುರ್ಚಿ ಕುರ್ಚಿಯ ಜಾಗದಲ್ಲಿ. ಕುಡಿದ ಲೋಟವನ್ನು ಎಲ್ಲಿಂದ ತೆಗೆದಳೋ ಅಲ್ಲೇ ಇಡುತ್ತಾಳೆ. ಹಾಸಿಗೆಯ ಹೊದಿಕೆಯನ್ನು ನಾಲ್ಕು ಮೂಲೆ ಸೇರಿಸಿ ಮಡಿಸುತ್ತಾಳೆ. ಯಾರದೋ ಮನೆಗೆ ನೆಂಟಳಾಗಿ ಬಂದ ಹಾಗೆ. ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟೆ.

“ಯಾಕೆ ಏನೂ ಸರಿಸಿಲ್ಲ ನೀನು?”

“ನೀನು ಕಷ್ಟಪಟ್ಟು ಸರಿ ಮಾಡಿ ಇಟ್ಟಿದ್ದೀಯ. ಇನ್ಮೇಲೆ ಇಲ್ಲಿ ಇರೋಳು ನೀನೇ ಅಲ್ವಾ ಅಕ್ಕ.”

“ನೀನು ಹೋಗ್ತೀಯ ಅಂತ ಯಾರು ಹೇಳಿದ್ರು?”

ಅವಳು ಮೇಜಿನ ಮೇಲಿನ ನೀರಿನ ಹನಿಯನ್ನು ಬೆರಳಿನಿಂದ ಎಳೆಯುತ್ತಿದ್ದಳು.

“ಸಹಿ ಹಾಕ್ಬೇಡ ಅನ್ಸಿದ್ರೆ ಹಾಕ್ಬೇಡ. ನಾನು ಜಗಳ ಆಡಲ್ಲ, ಮುಖ ಊದಿಸ್ಕೊಂಡು ಕೂರಲ್ಲ. ಆದ್ರೆ ಕ್ಲಿಪ್ಪಿನ ಹೆಸರು ಹೇಳ್ಬೇಡ ಅಕ್ಕ. ನನ್ನ ಹೆಸರೇ ಹೇಳು.”

ನಾನು ಕ್ಲಿಪ್ಪಿನ ಬಗ್ಗೆ ಹೇಳಲು ಬಾಯಿ ತೆರೆದೆ. ಅದುರಾಟ, ಹಲಗೆ, ಯಂತ್ರ. ಒಂದೂ ಬರಲಿಲ್ಲ. ಅಳು ಬಂತು. ಅಮ್ಮ ಹೋದಾಗಲೂ ಅವಳ ಮುಂದೆ ಅತ್ತವಳಲ್ಲ ನಾನು.

“ನಂಗೆ ಹೆದರಿಕೆ ಕಣೇ,” ಎಂದೆ. “ಆ ಹಾಸಿಗೆ ಅಷ್ಟು ಚೆನ್ನಾಗಿ ಮಾಡಿದ್ರೂ ಹೆದರಿಕೆ.”

“ನಂಗೂ ಹೆದರಿಕೆ,” ಎಂದಳು ಬಟಾಣಿ. “ಆದ್ರೂ ಹೋಗ್ಬೇಕು ಅನ್ಸುತ್ತೆ.” ಕಣ್ಣು ಒರೆಸಿಕೊಂಡು, ಅದೇ ಉಸಿರಿನಲ್ಲಿ ತಮಾಷೆಗೆ ಇಳಿದಳು. “ಅಂದ ಹಾಗೆ ಆ ಹಾಸಿಗೆ ಅಲ್ಲಿ ನಂಗೂ ಸರಿ ಹೋಗಲ್ಲ. ದಾರೀಲಿ ಭಾರ ಇರಲ್ವಲ್ಲ, ಬೆನ್ನುಮೂಳೆ ಹಿಗ್ಗಿ ಉದ್ದ ಆಗ್ತೀವಿ. ಡಾಕ್ಟರಮ್ಮ ಹೇಳಿದ್ರು. ನೀನು ಅಳತೆ ತಗೊಂಡ ಬಟಾಣಿ ಅಲ್ಲಿ ಇಳಿಯೋದೇ ಇಲ್ಲ.”

ಇದು ನನಗೆ ಗೊತ್ತಿದ್ದ ವಿಷಯವೇ. ಪಾಠದಲ್ಲಿ ಹೇಳುತ್ತೇನೆ. ಆದರೂ ಮೊದಲ ಸಲ ಕೇಳಿದ ಹಾಗಾಯಿತು.

ಎದ್ದು ಸೆರಗು ಸಿಕ್ಕಿಸಿಕೊಂಡೆ. “ಬಾ, ಬೀರಿನ ಆ ತುದಿ ಹಿಡ್ಕೋ,” ಎಂದೆ.

“ಎಲ್ಲಿಗೆ?”

“ಎಲ್ಲಿಗಾದ್ರೂ. ಹಿಡ್ಕೋ.”

ಸಂಜೆಯವರೆಗೆ ಸರಿಸಿದೆವು. ಬೀರು ಮೂರು ಕಡೆ ಹೋಗಿ ನಾಲ್ಕನೆಯ ಕಡೆ ನಿಂತಿತು. ಮಂಚ ತಿರುಗಿತು. ಬೀರಿನ ಹಿಂದೆ ಅಂಟಿಕೊಂಡಿದ್ದ ಹಳದಿ ಟೇಪಿನ ತುಂಡೊಂದನ್ನು ಅವಳು ಕಿತ್ತು ನನ್ನ ಮೂಗಿಗೆ ಅಂಟಿಸಿದಳು. ಬೆನ್ನು ನೋಯುತ್ತಿದೆ.

ಮೇ 5

ಆಕ್ಷೇಪಣೆ ಹಿಂದೆ ತೆಗೆದುಕೊಂಡೆ. ಸಹಿ ಹಾಕಿದೆ. ಮೇಡಂ ಚಹಾ ತರಿಸಿದರು. ಹಾಸಿಗೆಗಳ ಹೊಸ ನಕ್ಷೆಯಲ್ಲಿ ತಲೆಯ ಕಡೆ ಸ್ವಲ್ಪ ಹೆಚ್ಚು ಜಾಗ ಬಿಟ್ಟಿದ್ದೇನೆ, ನಾಲ್ಕಕ್ಕೂ. ತಕ್ಕಡಿ ಅದನ್ನು ನೋಡಿದ, ತೂಕ ಕೂಡಿಸಿದ, ಮುಖ ಬಾಡಿಸಲಿಲ್ಲ.

ಜೂನ್ 18

ಬಹಳ ದಿನದಿಂದ ಬರೆದಿಲ್ಲ. ಬರೆಯುವಂಥದ್ದು ಏನೂ ಇಲ್ಲ, ಕೆಲಸ. ಕೊನೆಯ ಡಬ್ಬಿಯನ್ನು ನಿನ್ನೆ ಪೆಟ್ಟಿಗೆಯೊಳಗೆ ಇಳಿಸಿದರು. ಮುಚ್ಚಳ ಹಾಕುವವರೆಗೂ ನಿಂತು ನೋಡಿದೆ. ತಕ್ಕಡಿ ಊಟಕ್ಕೆ ಕರೆದ, ಹೋದೆ.

ಮನೆಯಲ್ಲಿ ಊಟದ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದಿದ್ದೇನೆ. ಹೋದ ವಾರ ಬಾಗಿಲ ಹತ್ತಿರ ಇತ್ತು, ಅಲ್ಲಿ ಅಷ್ಟು ಚೆನ್ನಾಗಿರಲಿಲ್ಲ. ಬೀರನ್ನು ಒಬ್ಬಳೇ ಸರಿಸಲು ಒಂದು ಉಪಾಯ ಸಿಕ್ಕಿದೆ: ಕಾಲುಗಳ ಕೆಳಗೆ ಹಳೆಯ ಬಟ್ಟೆ ಹಾಕಿ ತಳ್ಳಿದರೆ ಸಲೀಸಾಗಿ ಜಾರುತ್ತದೆ.

ಸಂಜೆ ಬಟಾಣಿ ಫೋನು ಮಾಡಿದಳು. ಅವರಿರುವಲ್ಲಿಂದ ಈಗ ನೇರವಾಗಿ ಮಾತಾಡಬಹುದು, ಕೇಳಿದ ತಕ್ಷಣ ಉತ್ತರ ಬರುತ್ತದೆ. ಹೊರಡುವ ಮೊದಲು ಅರ್ಧ ದಿನ ಮನೆಗೆ ಬಿಡುತ್ತಾರಂತೆ, ಬೆಳಕು ಹರಿಯುವ ಮೊದಲೇ ಬಂದು ತಲುಪುತ್ತಾಳಂತೆ.

“ನಿನ್ನ ನಿದ್ದೆ ಕೆಡಿಸಲ್ಲ ಅಕ್ಕ. ಕೀಲಿ ನನ್ನ ಹತ್ರ ಇದೆ, ಸದ್ದಿಲ್ಲದೆ ಬಂದು ಮಲ್ಕೋತೀನಿ.”

“ಹಾಗೆಲ್ಲ ಬರಬೇಡ,” ಎಂದೆ. “ದೀಪ ಹಾಕ್ಕೊಂಡು ಬಾ. ಮೊಣಕಾಲು ಜಜ್ಜಿಕೊಳ್ತೀಯ.”